ನೋವಿಲ್ಲದ ಕಿವಿ

ಹೆಸರು ಕೇಳಿದ ದಿನವೇ ನಮ್ಮ ಮನೆಯಲ್ಲಿ ತುಪ್ಪ ಬಂದ್ ಆಯಿತು.

ಡಾಕ್ಟರ್ ಮೇಡಂ ಚೀಟಿಯ ಮೇಲೆ ‘ಕೊಲೆಸ್ಟಿಯಟೋಮಾ, ಬಲ ಕಿವಿ’ ಅಂತ ಬರೆದಿದ್ದರು. ನನ್ನ ಹೆಂಡತಿ ಅದನ್ನು ಓದುತ್ತಾ ‘ಕೊಲೆಸ್ಟ್’ವರೆಗೆ ಬಂದು ಅಲ್ಲೇ ನಿಂತಳು. "ರೀ, ಕೊಲೆಸ್ಟ್ರಾಲ್ ಕಿವಿವರೆಗೂ ಏರಿದೆ ಅಂದ್ರೆ ಇನ್ನು ಹುಡುಗಾಟ ಅಲ್ಲ" ಅಂದಳು. ಅವತ್ತು ರಾತ್ರಿ ಬಿಸಿ ಅನ್ನಕ್ಕೆ ಬರೀ ತಿಳಿಸಾರು. ವಾರ ಬಿಟ್ಟು ಸ್ಕ್ಯಾನ್ ತೋರಿಸೋಕೆ ಹೋದಾಗ ಇವಳೇ ಮೇಡಂ ಹತ್ತಿರ, ಅಡುಗೆಗೆ ಯಾವ ಎಣ್ಣೆ ಒಳ್ಳೆಯದು ಅಂತ ಕೇಳಿದಳು. ಅವರಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಕನ್ನಡಕ ತೆಗೆದಿಟ್ಟು ನಕ್ಕರು.

ತಪ್ಪು ನಮ್ಮದಲ್ಲ ಬಿಡಿ. 1838ರಲ್ಲಿ ಯೋಹಾನೆಸ್ ಮ್ಯುಲ್ಲರ್ ಅನ್ನೋ ಜರ್ಮನ್ ವಿಜ್ಞಾನಿ ಇಟ್ಟ ಹೆಸರು ಇದು. ಗ್ರೀಕ್ ಭಾಷೆಯ ಪಿತ್ತ, ಕೊಬ್ಬು, ಗಡ್ಡೆ ಮೂರನ್ನೂ ಸೇರಿಸಿ ಹೊಲಿದದ್ದು. ಇದರಲ್ಲಿ ಪಿತ್ತವೂ ಇಲ್ಲ, ಕೊಬ್ಬೂ ಇಲ್ಲ. ಸರಿಯಾಗಿ ನೋಡಿದರೆ ನಾವು ಹೆದರುವ ಅರ್ಥದ ಗಡ್ಡೆಯೂ ಅಲ್ಲ, ಕ್ಯಾನ್ಸರ್ ಅಂತೂ ಅಲ್ಲವೇ ಅಲ್ಲ. ಅವನಿಗಿಂತ ಒಂಬತ್ತು ವರ್ಷ ಮೊದಲು ಕ್ರುವೇಲ್ಯೆ ಅನ್ನೋ ಫ್ರೆಂಚ್ ವೈದ್ಯ ಇದನ್ನು ‘ಮುತ್ತಿನಂಥ ಗಡ್ಡೆ’ ಅಂತ ಕರೆದಿದ್ದ. ಅದೇ ಹೆಸರು ಉಳಿದಿದ್ದರೆ ನಮ್ಮ ಮನೆಯ ತುಪ್ಪವೂ ಉಳಿಯುತ್ತಿತ್ತು.

ಇದು ಚರ್ಮ. ಅಷ್ಟೇ. ಕೈಮೇಲೆ, ಕೆನ್ನೆಮೇಲೆ ಇರೋ ಅದೇ ಚರ್ಮ, ಇರಬಾರದ ಜಾಗದಲ್ಲಿ ಹೋಗಿ ಕೂತು ತನ್ನ ಮಾಮೂಲಿ ಕೆಲಸ ಮಾಡಿಕೊಂಡಿರುತ್ತದೆ. ಆ ಮಾಮೂಲಿ ಕೆಲಸವೇ ಅಪಾಯ.

ನನ್ನ ಬಲಗಿವಿ ಸೋರೋಕೆ ಶುರುವಾದದ್ದು ಎರಡನೇ ಕ್ಲಾಸಿನಲ್ಲಿ. ಹಾಸನ ಜಿಲ್ಲೆಯ ಒಂದು ಹಳ್ಳಿ ನಮ್ಮದು. ನೆಗಡಿ ಬಂದರೆ ಸೋರುತ್ತಿತ್ತು, ನೆಗಡಿ ಹೋದರೆ ನಿಲ್ಲುತ್ತಿತ್ತು. ಆಮೇಲಾಮೇಲೆ ನೆಗಡಿ ಇಲ್ಲದೆಯೂ ಸೋರಿತು. ಅಜ್ಜಿ, "ಸೋರ್ಲಿ ಬಿಡು ಮಗ, ತಲೇಲಿರೋ ಕೆಟ್ಟ ನೀರೆಲ್ಲ ಹೋಯ್ತದೆ" ಅನ್ನುತ್ತಿದ್ದರು. ಹಾಗಂತ ಅವರು ಸುಮ್ಮನೆ ಕೂತವರಲ್ಲ. ಬೆಳ್ಳುಳ್ಳಿ ಎಸಳು ಜಜ್ಜಿ, ಕೊಬ್ಬರಿ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೂ ಕಾಯಿಸಿ, ತಮ್ಮ ಮೊಣಕೈ ಮೇಲೆ ಒಂದು ತೊಟ್ಟು ಬಿಟ್ಟು ಬಿಸಿ ನೋಡಿ, ಆಮೇಲೆ ನನ್ನ ಕಿವಿಗೆ ಎರಡು ತೊಟ್ಟು. ತೊಡೆಯ ಮೇಲೆ ತಲೆ ಇಟ್ಟು ಮಲಗಬೇಕು, ನೂರು ಎಣಿಸೋವರೆಗೂ ಅಲುಗಾಡುವ ಹಾಗಿಲ್ಲ. ಆ ಎಣ್ಣೆಯಿಂದ ಏನೂ ಉಪಯೋಗ ಆಗಲಿಲ್ಲ, ಸೋರುವ ಕಿವಿಗೆ ಎಣ್ಣೆ ಬಿಡಲೇಬಾರದು ಅಂತ ಈಗ ಗೊತ್ತು. ಆದರೂ ಬೆಳ್ಳುಳ್ಳಿ ಒಗ್ಗರಣೆ ಘಮ ಬಂದರೆ ಇವತ್ತಿಗೂ ನನಗೆ ಒಂದು ಪಕ್ಕಕ್ಕೆ ಮಲಗಬೇಕು ಅನಿಸುತ್ತದೆ.

ಶಾಲೆಯಲ್ಲಿ ನನ್ನ ಹೆಸರು ಸೋರೆಕಾಯಿ.

ಇಷ್ಟೆಲ್ಲ ಆದರೂ ನೋವು ಅನ್ನೋದು ಇರಲಿಲ್ಲ. ಹಲ್ಲುನೋವು ಬಂದರೆ ನಾವು ರಾತ್ರಿ ಹತ್ತು ಗಂಟೆಗೂ ಡಾಕ್ಟರ ಮನೆ ಬಾಗಿಲು ಬಡಿಯುತ್ತೇವೆ. ಹೊಟ್ಟೆನೋವು ಬಂದರೆ ಆಟೋ ಹಿಡಿಯುತ್ತೇವೆ. ಕಿವಿ ಸೋರಿದರೆ ಹತ್ತಿ ಇಟ್ಟುಕೊಳ್ಳುತ್ತೇವೆ. ಹತ್ತಿ ಒದ್ದೆಯಾದರೆ ಬದಲಾಯಿಸುತ್ತೇವೆ. ನಾನು ಹೀಗೆ ಮೂವತ್ತು ವರ್ಷ ಹತ್ತಿ ಬದಲಾಯಿಸಿದ್ದೇನೆ. ನಡುವೆ ಒಂದು ಕ್ಲಿನಿಕ್‌ನಲ್ಲಿ ಡ್ರಾಪ್ಸ್ ಬರೆದುಕೊಟ್ಟರು, ಕಿವಿಯೊಳಗೆ ದೀಪ ಹಾಕಿ ನೋಡಲೂ ಇಲ್ಲ. ಆ ಚೀಟಿ ಹರಿದುಹೋದ ಮೇಲೂ ಡ್ರಾಪ್ಸ್ ಹೆಸರು ಬಾಯಿಪಾಠ ಆಗಿತ್ತು, ಮೆಡಿಕಲ್ ಸ್ಟೋರಿನವನು ಕೇಳದೇ ಕೊಡುತ್ತಿದ್ದ. ಹಾಕಿದರೆ ನಾಲ್ಕು ದಿನಕ್ಕೆ ಒಣಗುತ್ತಿತ್ತು. ಒಣಗಿದ್ದನ್ನೇ ವಾಸಿಯಾಯಿತು ಅಂದುಕೊಳ್ಳುತ್ತಿದ್ದೆ.

ಇನ್ನು ವಾಸನೆಯ ವಿಷಯ. ಇದನ್ನು ಬರೆಯೋಕೆ ಮುಜುಗರ, ಆದರೆ ಈ ಕಾಯಿಲೆಯಲ್ಲಿ ಬರೆಯಲೇಬೇಕಾದ್ದು ಇದೇ. ಮಾಮೂಲಿ ಕಿವಿ ಸೋರಿದರೆ ಬರುವುದು ಲೋಳೆ. ತುಂಬಾ ಬರುತ್ತದೆ, ಅಂಥ ವಾಸನೆ ಇರುವುದಿಲ್ಲ. ನನ್ನದು ಹಾಗಲ್ಲ. ಬರುತ್ತಿದ್ದದ್ದು ಸ್ವಲ್ಪವೇ, ಹತ್ತಿಯ ತುದಿಗೆ ಹಳದಿ ಕಲೆ ಆಗುವಷ್ಟು. ಆದರೆ ಸತ್ತ ಇಲಿಯ ವಾಸನೆ. ದಿಂಬಿನ ಕವರನ್ನು ನನ್ನ ಹೆಂಡತಿ ಎರಡು ದಿನಕ್ಕೊಮ್ಮೆ ಬದಲಾಯಿಸುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಹೇಳದೇ ಇದ್ದದ್ದು ನನಗೆ ಗೊತ್ತಿತ್ತು.

ಕೊನೆಗೆ ನನ್ನನ್ನು ಆಸ್ಪತ್ರೆಗೆ ಓಡಿಸಿದ್ದು ತಲೆಸುತ್ತು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು. ಒಂದು ಸೋಮವಾರ ಜನ ತುಂಬಿದ್ದಾಗ ಕಿವಿ ಒದ್ದೆ ಅನಿಸಿ ಹತ್ತಿಯನ್ನು ಬೆರಳಿನಿಂದ ಒಳಗೆ ಒತ್ತಿದೆ. ಎದುರಿಗಿದ್ದ ಗಾಜು, ಅದರ ಆಚೆ ಇದ್ದ ಸಾಲು, ಗೋಡೆಯ ಕ್ಯಾಲೆಂಡರ್ ಎಲ್ಲವೂ ಒಮ್ಮೆ ಎಡಕ್ಕೆ ಜಾರಿತು. ಬೆರಳು ತೆಗೆದೆ, ನಿಂತಿತು. ಮತ್ತೆ ಒತ್ತಿದೆ. ಮತ್ತೆ ಜಾರಿತು. ಕೈಯಲ್ಲಿ ಎಣಿಸುತ್ತಿದ್ದ ನೋಟಿನ ಕಟ್ಟು ಹಾಗೇ ಇಟ್ಟು ಎದ್ದೆ.

ಮೇಡಂ ಮೈಕ್ರೋಸ್ಕೋಪ್ ಕೆಳಗೆ ಕಿವಿ ನೋಡಿದರು. ಸಣ್ಣ ಕೊಳವೆಯಿಂದ ಹೀರಿ ಹೀರಿ ಸ್ವಚ್ಛ ಮಾಡಿದರು, ಪಕ್ಕದ ಟಿವಿಯಲ್ಲಿ ನನಗೂ ಕಾಣುತ್ತಿತ್ತು. ಕಿವಿ ಪರದೆಯ ಮೇಲ್ಭಾಗದಲ್ಲಿ ಒಂದು ಗುಳಿ. ಗುಳಿಯ ಬಾಯಿಂದ ಬೆಳ್ಳಗೆ ಏನೋ ಇಣುಕುತ್ತಿತ್ತು. ಒದ್ದೆಯಾದ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ, ಎಳೆದರೆ ಇನ್ನೂ ಬರುತ್ತಿತ್ತು. "ಇದು ಅನ್‌ಸೇಫ್ ಕಿವಿ" ಅಂದರು. ನಮ್ಮ ಕಿವಿ ಡಾಕ್ಟರುಗಳು ಸೋರುವ ಕಿವಿಯನ್ನು ಹೀಗೇ ಎರಡು ಮಾಡುತ್ತಾರೆ, ಸೇಫ್, ಅನ್‌ಸೇಫ್. ಪರದೆಯ ನಡುವೆ ತೂತಾಗಿ ಸೋರಿದರೆ ಸೇಫ್. ಹೀಗೆ ಮೂಲೆಯಲ್ಲಿ ಚರ್ಮ ಒಳಗೆ ಇಳಿದಿದ್ದರೆ ಅನ್‌ಸೇಫ್. ಸಿಗ್ನಲ್‌ನಲ್ಲಿ ಕೆಂಪು ದೀಪ ನೋಡಿದ ಹಾಗೆ ಆ ಪದ ಕೇಳಿದ ತಕ್ಷಣ ನನಗೆ ಮೂವತ್ತು ವರ್ಷದ ಹತ್ತಿ ಎಲ್ಲ ಒಟ್ಟಿಗೆ ನೆನಪಾಯಿತು.

ಈ ಗುಳಿ ಹೇಗೆ ಆಯಿತು ಅನ್ನೋದು ನನಗೆ ಇವತ್ತಿಗೂ ಸೋಜಿಗ.

ಚರ್ಮ ಯಾವತ್ತೂ ಸುಮ್ಮನೆ ಇರುವುದಿಲ್ಲ. ಕೆಳಗಿಂದ ಹೊಸದು ಹುಟ್ಟುತ್ತದೆ, ಮೇಲಿನದು ಸತ್ತು ಉದುರುತ್ತದೆ. ಸ್ನಾನದಲ್ಲಿ ಉಜ್ಜಿ ತೆಗೆಯೋ ಕೊಳೆಯಲ್ಲಿ ಇದೂ ಸೇರಿರುತ್ತದೆ. ಕಿವಿ ಪರದೆಯ ಹೊರಮೈ ಕೂಡ ಚರ್ಮವೇ. ಅಲ್ಲಿಗೆ ಹೋಗಿ ಉಜ್ಜುವವರು ಯಾರು? ಯಾರೂ ಬೇಕಾಗಿಲ್ಲ. ಅಲ್ಲಿನ ಚರ್ಮ ಪರದೆಯ ನಡುವಿನಿಂದ ಅಂಚಿಗೆ, ಅಂಚಿನಿಂದ ಕಿವಿಯ ಬಾಯಿಗೆ ತಾನೇ ತೆವಳಿಕೊಂಡು ಬರುತ್ತದೆ, ಸುಮಾರು ಉಗುರು ಬೆಳೆಯುವಷ್ಟು ನಿಧಾನವಾಗಿ. ಬರುವಾಗ ಗುಗ್ಗೆಯನ್ನೂ ಹೊತ್ತು ತರುತ್ತದೆ. ಕಿವಿ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ನಾವು ಬಡ್ಸ್ ಹಾಕಿ ಆ ಕಸವನ್ನು ವಾಪಸ್ ಒಳಗೆ ತಳ್ಳುತ್ತೇವೆ, ಅದು ಬೇರೆ ಮಾತು.

ಪರದೆಯ ಆಚೆ ಒಂದು ಪುಟ್ಟ ಕೋಣೆ, ಕೆಲವೇ ಮಿಲಿಮೀಟರ್ ಅಗಲ. ಅದೇ ನಡುಗಿವಿ. ಅದಕ್ಕೆ ಗಾಳಿ ಬರುವುದು ಮೂಗಿನ ಹಿಂದಿನಿಂದ ಒಂದು ಕೊಳವೆಯ ಮೂಲಕ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ ಅಲ್ವಾ? ಆಗ ತೆರೆದುಕೊಳ್ಳುವುದು ಈ ಕೊಳವೆಯೇ. ಕೆಲವರಿಗೆ ಸಣ್ಣ ವಯಸ್ಸಿನಿಂದಲೂ ಇದು ಸರಿಯಾಗಿ ತೆರೆಯುವುದಿಲ್ಲ. ಒಳಗಿನ ಗಾಳಿ ಕಮ್ಮಿಯಾಗುತ್ತಾ ಹೋಗುತ್ತದೆ, ಹೊಸ ಗಾಳಿ ಬರುವುದಿಲ್ಲ. ಪರದೆ ಒಳಕ್ಕೆ ಎಳೆದುಕೊಳ್ಳುತ್ತದೆ. ಪರದೆಯ ಮೇಲ್ಭಾಗ ಮೊದಲೇ ಸಡಿಲ, ಹಾಗಾಗಿ ಅಲ್ಲೇ ಗುಳಿ ಬೀಳುತ್ತದೆ. ಗುಳಿ ಆಳವಾಗಿ ಚೀಲವಾಗುತ್ತದೆ.

ಒಗೆಯುವ ಮೊದಲು ಹಳೇ ಪ್ಯಾಂಟಿನ ಜೇಬನ್ನು ಹೊರಗೆಳೆದು ನೋಡಿ. ಮೂಲೆಯಲ್ಲಿ ದಾರದ ಚೂರು, ಬಸ್ ಟಿಕೆಟ್ಟಿನ ಪುಡಿ, ಏನೇನೋ ಸೇರಿ ಒಂದು ಉಂಡೆ ಆಗಿರುತ್ತದೆ. ಅದನ್ನು ಯಾರೂ ಅಲ್ಲಿ ಇಟ್ಟದ್ದಲ್ಲ, ಹೊರಗೆ ಬರೋಕೆ ದಾರಿ ಸಿಗದೆ ಉಳಿದದ್ದು. ನನ್ನ ಕಿವಿಯಲ್ಲೂ ಅದೇ. ಸತ್ತ ಚರ್ಮ ಹೊರಗೆ ತೆವಳುವ ಬದಲು ಆ ಚೀಲದೊಳಗೆ ಬಿದ್ದು, ಮೇಲೆ ಮೇಲೆ ಪೇರಿಸಿ, ನೀರು ತಾಗಿ ಕೊಳೆತು ನಾರಿತು.

ಎಲ್ಲರಿಗೂ ಹೀಗೇ ಬರುತ್ತದೆ ಅಂತಲ್ಲ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಪರದೆಯ ಹಿಂದೆ ಚರ್ಮದ ಒಂದು ಕಣ ಉಳಿದು, ಬಿಳಿ ಮುತ್ತಿನ ಹಾಗೆ ಬೆಳೆಯುತ್ತದೆ. ಅವರಿಗೆ ಸಾಮಾನ್ಯವಾಗಿ ಕಿವಿ ಸೋರುವುದಿಲ್ಲ. ಇನ್ನು ಕೆಲವರಿಗೆ ಪರದೆಯ ಅಂಚಿನ ತೂತಿನಿಂದ ಚರ್ಮ ಒಳಗೆ ನುಸುಳುತ್ತದೆ.

ಚೀಲ ಬೆಳೆಯುತ್ತಾ ಹೋದಂತೆ ಸುತ್ತಲಿನ ಎಲುಬು ಕರಗುತ್ತದೆ. ಒತ್ತಡಕ್ಕೆ ಸ್ವಲ್ಪ, ಸೋಂಕಿನಿಂದ ಹುಟ್ಟುವ ರಸಗಳಿಗೆ ಜಾಸ್ತಿ. ಶಾಲೆಯಲ್ಲಿ ಚಿತ್ರ ಬರೆದಿದ್ದೆವಲ್ಲ, ಸುತ್ತಿಗೆ, ಅಡಿಗಲ್ಲು, ರಿಕಾಪು, ಮೂರು ಎಲುಬು. ರಿಕಾಪು ಮೂರು ಮಿಲಿಮೀಟರಿನಷ್ಟು, ಮೈಯಲ್ಲೇ ಅತಿ ಚಿಕ್ಕದು. ಮೊದಲು ಸಾಮಾನ್ಯವಾಗಿ ಹೋಗುವುದು ಅಡಿಗಲ್ಲಿನ ಉದ್ದ ಕಾಲು. ಅಷ್ಟಕ್ಕೇ ನಿಂತರೆ ಕಿವುಡು ಮಾತ್ರ. ಆದರೆ ಆ ಕೋಣೆಯ ಅಕ್ಕಪಕ್ಕದ ಮನೆಗಳು ಯಾರವು ನೋಡಿ: ಮೇಲೆ ತೆಳುವಾದ ಎಲುಬಿನ ಚಾವಣಿ, ಅದರ ಮೇಲೇ ಮೆದುಳು. ಒಳಗೋಡೆಯಲ್ಲಿ ಮುಖದ ನರ, ಅದು ಕೆಟ್ಟರೆ ಬಾಯಿ ಒಂದು ಕಡೆ ವಾಲುತ್ತದೆ. ಅದರ ಪಕ್ಕದಲ್ಲೇ ಮೈಯ ಸಮತೋಲ ಕಾಯುವ ಕಾಲುವೆ. ಹಿಂದೆ ಮೆದುಳಿನಿಂದ ರಕ್ತ ಇಳಿಸುವ ದೊಡ್ಡ ನಾಳ. ನನ್ನ ಸಿಟಿ ಸ್ಕ್ಯಾನಿನಲ್ಲಿ ಮೇಡಂ ಪೆನ್ನಿನ ತುದಿ ಇಟ್ಟು ತೋರಿಸಿದ್ದು ಆ ತೋಲದ ಕಾಲುವೆಯ ಮೇಲಿನ ಎಲುಬು. ಇರಬೇಕಾದ ಬಿಳಿ ಗೆರೆ ಒಂದು ಕಡೆ ಅಳಿಸಿಹೋಗಿತ್ತು. ಕೌಂಟರಿನಲ್ಲಿ ನಾನು ಒತ್ತಿದ್ದು ಅದನ್ನೇ.

ಡಬ್ಲಿನ್‌ನಲ್ಲಿ ವಿಲಿಯಂ ವೈಲ್ಡ್ ಅನ್ನೋ ದೊಡ್ಡ ಕಿವಿ ಡಾಕ್ಟರ್ ಇದ್ದ. ಕಿವಿ ಹಿಂದೆ ಕೀವು ಕಟ್ಟಿದಾಗ ಹಾಕುವ ಒಂದು ಕೊಯ್ತಕ್ಕೆ ಇವತ್ತಿಗೂ ಅವನದೇ ಹೆಸರು. ಅವನ ಮಗ ನಾಟಕಕಾರ ಆಸ್ಕರ್ ವೈಲ್ಡ್, 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ಕಿವಿ ಆಪರೇಷನ್ ಮಾಡಿಸಿಕೊಂಡು, ನವೆಂಬರ್ 30ಕ್ಕೆ ತೀರಿಕೊಂಡ. ಸೋಂಕು ಮೆದುಳಿಗೆ ಏರಿತ್ತು. ಅದಕ್ಕೆ ಮೂಲ ಈ ಕೊಲೆಸ್ಟಿಯಟೋಮಾನೇ ಇರಬೇಕು ಅಂತ ನೂರು ವರ್ಷ ಆದಮೇಲೆ ಇಬ್ಬರು ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಾದಿಸಿದರು. ಮನೆಯಲ್ಲೇ ಕಿವಿ ಡಾಕ್ಟರ್ ಇದ್ದವನ ಕಥೆ ಇದು. ನಮ್ಮಜ್ಜಿಯನ್ನು ನಾನೇಕೆ ಬೈಯಲಿ?

ಇದಕ್ಕೆ ಮಾತ್ರೆ ಇಲ್ಲ. ಡ್ರಾಪ್ಸ್ ಸೋಂಕನ್ನು ತಣ್ಣಗೆ ಮಾಡುತ್ತದೆ, ಚೀಲ ಅಲ್ಲೇ ಇರುತ್ತದೆ. ತೆಗೆಯಬೇಕು, ಪೂರ್ತಿ ತೆಗೆಯಬೇಕು, ಒಂದು ಚೂರು ಚರ್ಮ ಉಳಿದರೂ ಮತ್ತೆ ಬೆಳೆಯುತ್ತದೆ. ಹೇಗೆ ತೆಗೆಯುವುದು ಅನ್ನೋದರಲ್ಲಿ ಎರಡು ದಾರಿ. ಮೇಡಂ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಿವಿ ಪರದೆಯ ಮೇಲಿರುವ ಮೂಲೆಗೆ ಡಾಕ್ಟರುಗಳು ಇಂಗ್ಲಿಷಿನಲ್ಲಿ ಅಟಿಕ್ ಅಂತಲೇ ಅನ್ನುತ್ತಾರೆ, ಅಂದರೆ ಅಟ್ಟ. ಅಟ್ಟದಲ್ಲಿ ಇಲಿ ಸೇರಿದೆ ಅಂದುಕೊಳ್ಳಿ. ಗೋಡೆ ಹಾಗೇ ಉಳಿಸಿಕೊಂಡು, ಹಿಂದಿನಿಂದ ಹೊಕ್ಕು ಇಲಿ ಹಿಡಿಯಬಹುದು. ಮನೆ ಮೊದಲಿನಂತೆಯೇ ಇರುತ್ತದೆ, ಕಿವಿಗೆ ನೀರು ಬಿದ್ದರೂ ಅಷ್ಟು ತೊಂದರೆ ಇಲ್ಲ. ಆದರೆ ಕತ್ತಲ ಮೂಲೆಯಲ್ಲಿ ಮರಿ ಉಳಿದಿದ್ದರೆ? ಅದಕ್ಕೇ ಒಂಬತ್ತು ತಿಂಗಳು, ವರ್ಷದ ಮೇಲೆ ಮತ್ತೊಮ್ಮೆ ಬಿಚ್ಚಿ ನೋಡಬೇಕು, ಇಲ್ಲವೇ ಅದಕ್ಕೆಂದೇ ಇರುವ ಒಂದು ಬಗೆಯ ಎಂಆರ್‌ಐ ಮಾಡಿಸಬೇಕು. ಇನ್ನೊಂದು ದಾರಿ, ಗೋಡೆಯನ್ನೇ ಒಡೆದು ಅಟ್ಟ, ಹಿಂದಿನ ಕೋಣೆ, ಹಜಾರ ಎಲ್ಲ ಒಂದು ಮಾಡುವುದು. ಅಡಗೋಕೆ ಮೂಲೆಯೇ ಇರುವುದಿಲ್ಲ, ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತದೆ. ಆದರೆ ಆ ದೊಡ್ಡ ಹಜಾರ ತನ್ನನ್ನು ತಾನು ಗುಡಿಸಿಕೊಳ್ಳಲಾರದು. ಜೀವನಪೂರ್ತಿ ಆರು ತಿಂಗಳಿಗೋ ವರ್ಷಕ್ಕೋ ಡಾಕ್ಟರೇ ಗುಡಿಸಬೇಕು, ನೀರು ಹೋಗಬಾರದು.

"ಎರಡನೇ ಸಲ ಆಪರೇಷನ್‌ಗೆ ನಿಜವಾಗ್ಲೂ ಬರ್ತೀರಾ? ತುಂಬಾ ಜನ ಕಿವಿ ಒಣಗಿದ ಮೇಲೆ ಬರೋದೇ ಇಲ್ಲ" ಅಂದರು ಮೇಡಂ. ಮೂವತ್ತು ವರ್ಷ ಹತ್ತಿ ಇಟ್ಟುಕೊಂಡು ಕೂತವನಿಗೆ ಯಾವ ಮುಖ ಇಟ್ಟುಕೊಂಡು ಬರ್ತೀನಿ ಅನ್ನಲಿ? ಅದೂ ಅಲ್ಲದೆ ತೋಲದ ಕಾಲುವೆ ಬೇರೆ ತೂತಾಗಿತ್ತು. ಗೋಡೆ ಒಡೆಯುವುದೇ ಅಂತಾಯಿತು. ಇದರಲ್ಲಿ ಯಾವುದು ಮೇಲು ಅಂತ ಡಾಕ್ಟರುಗಳೇ ಇನ್ನೂ ವಾದ ಮಾಡುತ್ತಾರೆ. ನನ್ನ ಕೇಳಿದರೆ, ರೋಗಿ ಎಂಥವನು ಅಂತ ನೋಡಿ ನಿರ್ಧಾರ ಮಾಡುವ ಡಾಕ್ಟರೇ ಮೇಲು.

ನನಗೆ ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಪಕ್ಕದ ಹಾಸಿಗೆಯಲ್ಲಿ ಚನ್ನರಾಯಪಟ್ಟಣ ಕಡೆಯ ತಾತ ಒಬ್ಬರು, ಅವರದೂ ಇದೇ ಕಾಯಿಲೆ, ಆದರೆ ಕಿವಿಯ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಮಾಡಿದ್ದರು. ಎಲುಬು ಕೊರೆಯುವ ಸದ್ದು ಕೇಳಿಸಿತಾ ಅಂದೆ. "ತಲೆವೊಳ್ಗೆ ಬೋರ್‌ವೆಲ್ ಲಾರಿ ನಿಲ್ಸಿದಂಗಿತ್ತು ಕಣಪ್ಪ" ಅಂದರು. "ನೀರು ಬಂತಾ ತಾತ?" ಅಂದೆ. "ನೀರು ಮೊದ್ಲೇ ಬರ್ತಿತ್ತಲ್ಲಪ್ಪ, ನಿಲ್ಸಕ್ಕೇ ತಾನೆ ಕೊರ್ಸಿದ್ದು!" ಇಬ್ಬರ ತಲೆಗೂ ಪೇಟದಂಥ ಬ್ಯಾಂಡೇಜು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆವು.

ಆಮೇಲಿನ ದಿನಗಳಲ್ಲಿ ಯಾರೂ ಮೊದಲೇ ಮನಸ್ಸಿಗೆ ನಾಟುವಂತೆ ಹೇಳಿರದಿದ್ದ ಒಂದು ಸಂಗತಿ, ರುಚಿ. ನಾಲಿಗೆಯ ಬಲಭಾಗಕ್ಕೆ ಕಾಫಿ ತಾಮ್ರದ ಚೊಂಬು ನೆಕ್ಕಿದ ಹಾಗೆ. ಎಡಭಾಗಕ್ಕೆ ಸರಿಯಾದ ಕಾಫಿ. ಒಂದೇ ಗುಟುಕಿನಲ್ಲಿ ಎರಡು ಪಾನೀಯ. ರುಚಿಯ ನರದ ಒಂದು ಎಳೆ ನಡುಗಿವಿಯನ್ನು ಅಡ್ಡಹಾಯ್ದು ನಾಲಿಗೆಗೆ ಹೋಗುತ್ತದಂತೆ, ಆಪರೇಷನ್‌ನಲ್ಲಿ ಅದನ್ನು ಎಷ್ಟೋ ಸಲ ಉಳಿಸಿಕೊಳ್ಳೋಕೆ ಆಗುವುದಿಲ್ಲ. ನಾಲ್ಕು ತಿಂಗಳಿಗೆ ಹೇಗೋ ಅಭ್ಯಾಸವಾಯಿತು. ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮೂಗು ಜೋರಾಗಿ ಸೀಟಬಾರದು, ತಲೆಗೆ ನೀರು ಹಾಕುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಮುಚ್ಚಬೇಕು. ಆ ವರ್ಷ ಯುಗಾದಿಯ ಎಣ್ಣೆಸ್ನಾನ ಕುತ್ತಿಗೆಯಿಂದ ಕೆಳಕ್ಕೆ ಮಾತ್ರ.

ಕಿವಿ ಒಣಗಿತು. ದಿಂಬಿನ ಕವರು ವಾರಗಟ್ಟಲೆ ಹಾಗೇ ಉಳಿಯಿತು. ಮೂರು ತಿಂಗಳ ನಂತರ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯಲ್ಲಿ ಕೂತು, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಚೆನ್ನಾಗಿ ಕೇಳುವ ಕಿವಿಗೆ ಇಪ್ಪತ್ತೈದು ಡೆಸಿಬೆಲ್ ಒಳಗಿನ ಸದ್ದೂ ಕೇಳಬೇಕು. ಆಪರೇಷನ್‌ಗೆ ಮುಂಚೆ ನನ್ನ ಬಲಗಿವಿಗೆ ನಲವತ್ತು ಬೇಕಾಗಿತ್ತು. ಈಗ ಐವತ್ತೈದು.

ಸಿಟ್ಟು ಬಂತು. ಸ್ವಚ್ಛ ಮಾಡಿಸಿಕೊಂಡದ್ದಕ್ಕೆ ಇದಾ? ಮೇಡಂ ಹತ್ತಿರ ಹೋಗಿ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಕಿವುಡರ ದನಿ ಹೇಗೂ ಜಾಸ್ತಿ. ಆಪರೇಷನ್‌ಗೆ ಮೊದಲೇ ಅವರು ಮೂರು ಮಾತು ಹೇಳಿದ್ದರು: ಮೊದಲು ಜೀವ, ಆಮೇಲೆ ಕಿವಿ ಒಣಗೋದು, ಕೇಳಿಸೋದು ಕೊನೆಗೆ. ನಾನು ಮೂರನೆಯದನ್ನು ಮಾತ್ರ ಕೇಳಿಸಿಕೊಂಡಿದ್ದೆ. ಅವರು ಬೇಸರ ಮಾಡಿಕೊಳ್ಳದೆ ಹಾಳೆಯ ಮೇಲೆ ಮೂರು ಎಲುಬು ಬರೆದು, ನಡುವಿನದಕ್ಕೆ ಕಾಟು ಹಾಕಿದರು.

"ಅಡಿಗಲ್ಲು ಸವೆದು ಹೋಗಿತ್ತು. ಆ ಸಂದಿನಲ್ಲಿ ಈ ಗಡ್ಡೆಯೇ ಬಂದು ಕೂತಿತ್ತು. ಪರದೆಗೆ ಬಿದ್ದ ಸದ್ದನ್ನ ರಿಕಾಪಿಗೆ ದಾಟಿಸ್ತಾ ಇದ್ದದ್ದು ಅದೇ. ಈಗ ಗಡ್ಡೆ ತೆಗೆದಿದ್ದೀವಿ, ಸೇತುವೆ ಹೋಯ್ತು."

ಇಷ್ಟು ವರ್ಷ ನಾನು ಬಲಗಿವಿಯಲ್ಲಿ ಕೇಳಿದ್ದು ಕಾಯಿಲೆಯ ಮೂಲಕ ಅಂತಾಯಿತು. ಮಗಳು ಸಣ್ಣವಳಿದ್ದಾಗ ನನ್ನ ಬಲಹೆಗಲ ಮೇಲೇ ಮಲಗುತ್ತಿದ್ದಳು, ನಿದ್ದೆಗಣ್ಣಲ್ಲಿ ಏನೇನೋ ಗೊಣಗುತ್ತಿದ್ದಳು. ಅದೆಲ್ಲ ನನಗೆ ತಲುಪಿದ್ದು ಆ ಕೊಳೆತ ಚರ್ಮದ ಮುದ್ದೆಯನ್ನು ದಾಟಿಕೊಂಡು. ಹೊರಗೆ ಬಂದು ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಅಂತ ಗೊತ್ತಾಗದೆ ಅದು ಹಾಗೇ ಇಳಿದುಹೋಯಿತು.

ಟೈಟಾನಿಯಂನ ಪುಟ್ಟ ಕಡ್ಡಿ ಇಟ್ಟು ಸೇತುವೆ ಮತ್ತೆ ಕಟ್ಟಬಹುದು, ಇಲ್ಲವೇ ಹಿಯರಿಂಗ್ ಏಡ್ ಹಾಕಿಕೊಳ್ಳಬಹುದು. ನಾನು ಇನ್ನೂ ಯೋಚನೆ ಮಾಡುತ್ತಿದ್ದೇನೆ. ಸದ್ಯಕ್ಕೆ ಮೊಬೈಲ್ ಎಡಗಿವಿಗೆ, ಮದುವೆ ಊಟದಲ್ಲಿ ಸಾಲಿನ ಬಲತುದಿ ನನಗೆ. ಆರು ತಿಂಗಳಿಗೊಮ್ಮೆ ಗುಡಿಸಿಕೊಂಡು ಬರುತ್ತೇನೆ, ಇದುವರೆಗೆ ಒಂದೂ ತಪ್ಪಿಸಿಲ್ಲ.

ಹೋದ ತಿಂಗಳು ಕೌಂಟರಿಗೆ ಒಬ್ಬ ತಾಯಿ ಬಂದಿದ್ದರು, ಜೊತೆಗೆ ಏಳೆಂಟು ವರ್ಷದ ಹುಡುಗ. ಗಾಜಿನ ಆಚೆ ಅವನ ತಲೆ ಮಾತ್ರ ಕಾಣುತ್ತಿತ್ತು, ಎಡಗಿವಿಯಲ್ಲಿ ಹತ್ತಿ. ಹತ್ತಿಯ ತುದಿ ಹಳದಿ. ಏನಮ್ಮ ಅದು ಅಂದೆ. "ಆಗಾಗ ಸೋರ್ತದೆ ಸಾರ್. ನೋವೇನೂ ಇಲ್ಲ" ಅಂದರು, ನನಗೆ ಸಮಾಧಾನ ಹೇಳುವ ಹಾಗೆ.

ಅವರ ಪಾಸ್‌ಬುಕ್ ಕೆಳಗಿಟ್ಟೆ. ಹಣ ತೆಗೆಯುವ ಚೀಟಿಯೊಂದನ್ನು ತಿರುಗಿಸಿ ಕಿವಿ ಡಾಕ್ಟರು ಜಿಲ್ಲಾಸ್ಪತ್ರೆಯಲ್ಲಿ ಕೂರುವ ಕೋಣೆ, ಹೊತ್ತು ಬರೆದುಕೊಟ್ಟೆ. ಹಿಂದಿನ ಸಾಲಿನವರು ಏನೋ ಕೂಗುತ್ತಿದ್ದರು, ಬಲಗಡೆಯಿಂದ.